ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರು

ಮಾನ್ಯ ಸಂಪಾದಕರೇ,

ವಂಶವೃಕ್ಷ ಬರೆಸಿಕೊಳ್ಳುವವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹಿರಿಯರ ಹೆಸರು ಹುಡುಕುತ್ತ ಹೋದವರಿಗೆ ಪಟೇಲರು, ಶಾನುಭೋಗರು, ಜೈಲಿಗೆ ಹೋದ ಹೋರಾಟಗಾರರು ಸಿಕ್ಕ ಸಂತೋಷ ಅದರಲ್ಲಿತ್ತು. ನನಗೆ ಸಿಕ್ಕಿದ್ದು ‘ಮದ್ದು ಹಾಕುವವಳು’, ಅಂದರೆ ಊಟದಲ್ಲಿ ವಿಷದಂಥ ಮದ್ದು ಬೆರೆಸುವವಳು, ಅನ್ನಿಸಿಕೊಂಡ ಮುತ್ತಜ್ಜಿ. ಅವಳ ವಿಚಾರವೂ ಓದುಗರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ಮಲೆನಾಡು ಭಾಗದವಳು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದೆ. ಎರಡು ವರ್ಷದ ಹಿಂದೆ ಅಣ್ಣ ತೀರಿಕೊಂಡಾಗ ಪೌತಿ ಖಾತೆ ಮಾಡಿಸಲು ಹೊರಟೆವು. ಹೊಳೆ ಬದಿಯ ಒಂದು ಗದ್ದೆಯ ಖಾತೆ ಇನ್ನೂ ಮುತ್ತಜ್ಜನ ಹೆಸರಿನಲ್ಲೇ ಇತ್ತು. ನೋಟರಿ ಮಾಡಿಸಿದ ವಂಶವೃಕ್ಷದಲ್ಲಿ ಮುತ್ತಜ್ಜನಿಗೆ ಒಬ್ಬಳೇ ಹೆಂಡತಿ, ಐದು ಮಕ್ಕಳು ಎಂದು ಚಿಕ್ಕಪ್ಪನ ಮಗ ಬರೆಸಿದ್ದ. ಕಡತಕ್ಕೆ ಸೇರಿಸಲು ಉಪನೋಂದಣಿ ಕಚೇರಿಯಿಂದ ಹಳೆಯ ಪತ್ರಗಳ ದೃಢೀಕೃತ ನಕಲು ತೆಗೆಸಿದಾಗ ಒಂದು ಜೀವನಾಂಶದ ಪತ್ರ ಸಿಕ್ಕಿತು. ತೊಂಬತ್ತು ವರ್ಷಕ್ಕೂ ಹಳೆಯದು. ‘ನನ್ನ ಹಿರೀ ಹೆಂಡತಿಗೆ’ ವರ್ಷಕ್ಕೆ ನಾಲ್ಕು ಖಂಡುಗ ಭತ್ತ, ಒಂದು ಸೀರೆ, ಕೊಟ್ಟಿಗೆಯ ಪಕ್ಕದ ಕೋಣೆ. ಕೆಳಗೆ ಅವಳ ಎಡಗೈ ಹೆಬ್ಬೆಟ್ಟಿನ ಗುರುತು.

ನಮ್ಮಜ್ಜ ಆ ಹಿರಿಯಳ ಮಗ. ಆದರೆ ಮನೆಯಲ್ಲಿ ಯಾರನ್ನು ಕೇಳಿದರೂ ಅಜ್ಜನ ತಾಯಿ ಎಂದು ಕಿರಿಯಳ ಹೆಸರನ್ನೇ ಹೇಳುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು ಮನೆತನದ ವಂಶ ಹೇಳುವ ಹೆಳವರನ್ನು ನಿಮ್ಮ ಓದುಗರಲ್ಲಿ ಹಲವರು ನೋಡಿರುತ್ತಾರೆ. ಈಗ ಅವರ ಮಕ್ಕಳು ಬೈಕಿನಲ್ಲಿ ಬರುತ್ತಾರೆ. ಕಳೆದ ವರ್ಷ ಬಂದವರಿಗೆ ನಮ್ಮ ಪುಸ್ತಕ ತೆಗೆಯಲು ಹೇಳಿದೆ. ಮುತ್ತಜ್ಜನ ಹೆಸರಿನ ಪಕ್ಕ ಇಬ್ಬರು ಹೆಂಡಿರ ಹೆಸರೂ ಇದ್ದವು, ಹಿರಿಯಳ ತವರೂರೂ ಇತ್ತು. ‘ಇಷ್ಟು ವರ್ಷ ಹೇಳುವಾಗ ಈ ಹೆಸರು ಕೇಳಿರಲಿಲ್ಲವಲ್ಲ’ ಅಂದೆ. ‘ಓದುವಾಗ ಬಿಟ್ಟುಬಿಡಿ ಅಂತ ನಿಮ್ಮಜ್ಜನೇ ನಮ್ಮ ತಾತನಿಗೆ ಹೇಳಿದ್ದರಂತೆ ಅಮ್ಮಾ. ಓದೋದು ಬಿಟ್ವಿ. ಬರೆದದ್ದನ್ನ ಅಳಿಸೋ ಪದ್ಧತಿ ನಮ್ಮಲ್ಲಿಲ್ಲ’ ಅಂದರು.

ಉಳಿದದ್ದನ್ನು ಹೇಳಿದವಳು ನನ್ನ ಸೋದರತ್ತೆ. ಅವಳಿಗೀಗ ತೊಂಬತ್ತೆರಡು. ‘ಅದ್ಯಾಕೆ ಕೆದಕ್ತೀಯವ್ವ’ ಎಂದು ಎರಡು ಸಲ ಮಾತು ತಪ್ಪಿಸಿದಳು. ಮೂರನೆಯ ಸಲ ಹೋದಾಗ ತಾನಾಗಿ ಶುರುಮಾಡಿದಳು. ‘ನಮ್ಮಜ್ಜಿ ಮದ್ದು ಹಾಕ್ತಾಳೆ ಅಂತಿದ್ರು ಕಣವ್ವ. ಮನೆಗೆ ಬಂದೋರಿಗೆ ಮಜ್ಜಿಗೆ ಕೊಟ್ರೆ ಬಾಗಿಲಾಚೆ ಚೆಲ್ಲಿ ಹೋಗೋರು. ಆಮೇಲಾಮೇಲೆ ಅವ್ಳೇ ಅಂಗೈಗೆ ಒಂದು ಗುಟುಕು ಬಿಟ್ಕೊಂಡು ಅವ್ರೆದುರೇ ಕುಡಿದು ಲೋಟ ಮುಂದಿಡೋಳು. ಆಗಲೂ ಕುಡೀತಿರಲಿಲ್ಲ.’

ಬಯಲುಸೀಮೆಯವರಿಗೆ, ಪಟ್ಟಣದವರಿಗೆ ಇದು ಅಷ್ಟಾಗಿ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಮಾಟ ಮಂತ್ರದ ಹೆದರಿಕೆಗಿಂತ ಕೈಮದ್ದಿನ ಹೆದರಿಕೆ ದೊಡ್ಡದು. ಹಲ್ಲಿ, ಓತಿಕ್ಯಾತ ಇತ್ಯಾದಿಗಳಿಂದ ಮಾಡಿದ ಮದ್ದನ್ನು ಊಟದಲ್ಲಿ ಬೆರೆಸುತ್ತಾರಂತೆ. ಅದು ತಿಂದವರ ಹೊಟ್ಟೆಯಲ್ಲಿ ಗಡ್ಡೆಯಾಗಿ ಬೆಳೆಯುತ್ತದಂತೆ, ಮನುಷ್ಯ ಸೊರಗಿ ಸೊರಗಿ ಸಾಯುತ್ತಾನಂತೆ. ಹೊರಗಿನವರು ಯಾರೂ ಸಿಗದಿದ್ದರೆ ಮನೆಯವರಿಗೇ ಹಾಕಬೇಕು, ಅದೂ ಆಗದಿದ್ದರೆ ಮರಕ್ಕಾದರೂ ಹಾಕಬೇಕು, ಆ ಮರ ಒಣಗಿಹೋಗುತ್ತದೆ ಎನ್ನುತ್ತಾರೆ. ಹಿತ್ತಲಿನ ಹಲಸಿನ ಮರ ಒಣಗಿದರೂ ಸಾಕು, ಸಾಕ್ಷಿ ಸಿಕ್ಕಂತೆ. ಇದೆಲ್ಲದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. ಈ ವಿದ್ಯೆ ತಾಯಿಯಿಂದ ಮಗಳಿಗೆ ಬರುತ್ತದೆ ಎಂಬ ನಂಬಿಕೆ. ಮುತ್ತಜ್ಜಿಗೆ ಒಬ್ಬಳು ಮಗಳಿದ್ದಳಂತೆ. ಗಂಡು ಸಿಗಲಿಲ್ಲ. ಘಟ್ಟದ ಕೆಳಗಿನ ಯಾರೋ ಎರಡನೆಯ ಸಂಬಂಧಕ್ಕೆ ಕರೆದುಕೊಂಡು ಹೋದರು. ಅಲ್ಲಿಂದ ಮುಂದೆ ಅವಳ ಕಥೆ ಯಾರಿಗೂ ಗೊತ್ತಿಲ್ಲ, ಹೆಳವರ ಪುಸ್ತಕದಲ್ಲೂ ಇಲ್ಲ.

ಮುತ್ತಜ್ಜಿಯ ಮೇಲೆ ಮಾತು ಬಂದದ್ದು ನೆರೆಮನೆಯ ಹುಡುಗನೊಬ್ಬ ಸತ್ತ ಮೇಲೆ. ಅವಳು ಕೊಟ್ಟ ಕಡುಬು ತಿಂದಿದ್ದನಂತೆ. ಹೊಟ್ಟೆ ಮುಂದಕ್ಕೆ ಬಂದು, ಎಡಪಕ್ಕೆಯ ಕೆಳಗೆ ಕಲ್ಲಿನಂಥ ಗಡ್ಡೆ ಕೈಗೆ ಸಿಗುತ್ತಿತ್ತಂತೆ. ಅತ್ತೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಆ ಜಾಗ ತೋರಿಸಿದಾಗ ನಾನು ಸುಮ್ಮನೆ ಕೂತುಬಿಟ್ಟೆ. ಅದು ಗುಲ್ಮದ, ಅಂದರೆ ಸ್ಪ್ಲೀನ್ ಇರುವ ಜಾಗ. ಮಲೇರಿಯಾ ಮತ್ತೆ ಮತ್ತೆ ಬಂದವರಲ್ಲಿ ಗುಲ್ಮ ಊದಿಕೊಂಡು ಹೀಗೆ ಗಟ್ಟಿಯಾಗುತ್ತದೆ. ನಮ್ಮ ಹಿರಿಯರೇ ಅದಕ್ಕೆ ಜ್ವರಗಡ್ಡೆ ಎಂದು ಹೆಸರಿಟ್ಟಿದ್ದರು.

ಆ ಕಾಲದ ಮಲೆನಾಡಿನಲ್ಲಿ ಚಳಿಜ್ವರ ಕಾಣದ ಮನೆಯೇ ಇರಲಿಲ್ಲ. 1920ರ ದಶಕದ ಕೊನೆಯ ಹೊತ್ತಿಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಶುರುಮಾಡಿದಾಗ ಆರಿಸಿಕೊಂಡ ಊರುಗಳಲ್ಲಿ ನಮ್ಮ ಪಕ್ಕದ ಮೂಡಿಗೆರೆಯೂ ಒಂದು. ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಆಗಿನ ವೈದ್ಯರು ಮಕ್ಕಳ ಹೊಟ್ಟೆ ಮುಟ್ಟಿ, ಎಷ್ಟು ಮಕ್ಕಳಿಗೆ ಗುಲ್ಮ ಊದಿದೆ ಎಂದು ಎಣಿಸುತ್ತಿದ್ದರು. ಡಿಡಿಟಿ ಬಂದು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಆ ಗಡ್ಡೆಗಳೂ ಕಡಿಮೆಯಾದವು. ಒಂದೇ ಗಡ್ಡೆ. ವೈದ್ಯರ ಕೈಗೆ ಅದು ಸೊಳ್ಳೆಯ ಲೆಕ್ಕ ಹೇಳಿತು, ನಮ್ಮೂರಿನವರಿಗೆ ನನ್ನ ಮುತ್ತಜ್ಜಿಯ ಹೆಸರು ಹೇಳಿತು. ಆ ಹುಡುಗನ ಸಾವಿಗೆ ಕಾರಣ ಮಲೇರಿಯಾ ಎಂದು ಪ್ರಮಾಣ ಮಾಡಿ ಹೇಳಲು ನನ್ನ ಬಳಿ ದಾಖಲೆಯಿಲ್ಲ. ಆದರೆ ಅತ್ತೆ ಹೇಳಿದ ಒಂದೊಂದು ಲಕ್ಷಣವೂ ನಾನು ಪಾಠ ಮಾಡಿದ್ದೇ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದೀಪಾವಳಿಗೆ ಮನೆಯಲ್ಲಿ ಮಾಡಿದ ಕಜ್ಜಾಯವನ್ನು ಬಾಳೆಲೆಯಲ್ಲಿ ಸುತ್ತಿ ತಂದುಕೊಟ್ಟಿದ್ದಳು. ‘ಆ ಮನೇದು ತಿನ್ಬೇಡಿ ಮೇಡಂ’ ಎಂದು ಸಹೋದ್ಯೋಗಿಯೊಬ್ಬರು ಕಿವಿಯಲ್ಲಿ ಹೇಳಿದರು. ನಾನು ನಂಬಲಿಲ್ಲ. ಆದರೂ ತಿನ್ನಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನ ಹಿಂದೆ ಎಸೆದೆ. ಮರುದಿನ ಅವಳು ‘ಹೇಗಿತ್ತು ಮಿಸ್’ ಅಂದಾಗ ಚೆನ್ನಾಗಿತ್ತು ಅಂದೆ. ನನ್ನ ಮುಖ ನೋಡಿ ಅವಳಿಗೆ ತಿಳಿಯಿತು ಅಂತ ಈಗ ಅನ್ನಿಸುತ್ತದೆ, ಮತ್ತೆಂದೂ ಏನನ್ನೂ ತರಲಿಲ್ಲ. ಮುತ್ತಜ್ಜಿಯ ಮಜ್ಜಿಗೆ ಚೆಲ್ಲಿದವರ ಮೇಲೆ ಸಿಟ್ಟು ಬಂದಾಗಲೆಲ್ಲ ಆ ಬಾಳೆಲೆ ಕಣ್ಣಮುಂದೆ ಬರುತ್ತದೆ.

ಹೊರದೇಶಗಳಲ್ಲೂ ವಂಶಾವಳಿ ಹುಡುಕುತ್ತ ಹೋಗಿ ಇಂಥ ಹಿರಿಯರನ್ನು ಕಂಡುಕೊಂಡವರಿದ್ದಾರೆ. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1647ರಲ್ಲಿ ಆಲ್ಸ್ ಯಂಗ್ ಎಂಬ ಹೆಂಗಸನ್ನು ಮಾಟಗಾತಿಯೆಂದು ನೇಣಿಗೇರಿಸಿದರು. ಹಾಗೆ ಅಪರಾಧಿಗಳೆನ್ನಿಸಿಕೊಂಡವರ ವಂಶದವರು ಪಟ್ಟುಹಿಡಿದು ಕೇಳಿದ ಮೇಲೆ 2023ರ ಮೇ ತಿಂಗಳಲ್ಲಿ ಅಲ್ಲಿನ ಶಾಸನಸಭೆ 12 ಮಂದಿಯನ್ನು ನಿರ್ದೋಷಿಗಳೆಂದು ಸಾರಿತು. ಅಮೆರಿಕದ್ದೇ ಮಸಾಚುಸೆಟ್ಸ್‌ನ ಸೇಲಂನಲ್ಲಿ ನಡೆದ ಮಾಟಗಾತಿ ವಿಚಾರಣೆಗಳಲ್ಲಿ 1693ರಲ್ಲಿ ಶಿಕ್ಷೆಗೊಳಗಾಗಿ, ಗಲ್ಲಿನಿಂದ ಹೇಗೋ ಪಾರಾದ ಎಲಿಜಬೆತ್ ಜಾನ್ಸನ್‌ಗೆ ಮಕ್ಕಳಿರಲಿಲ್ಲ. ಅವಳ ಪರವಾಗಿ ಕೇಳಿದ್ದು ಒಂದು ಶಾಲೆಯ ಎಂಟನೇ ತರಗತಿಯ ಮಕ್ಕಳು. 2022ರಲ್ಲಿ ಅವಳ ಹೆಸರಿಗೆ ಅಂಟಿದ್ದ ಕಳಂಕ ಹೋಯಿತು. ಅದೇ ವರ್ಷ ಸ್ಕಾಟ್ಲೆಂಡಿನ ಸರ್ಕಾರದ ಮುಖ್ಯಸ್ಥೆಯಾಗಿದ್ದ ನಿಕೋಲಾ ಸ್ಟರ್ಜನ್ ಅಲ್ಲಿ ಮಾಟದ ಆರೋಪ ಹೊತ್ತವರ ಕ್ಷಮೆಯನ್ನು ಮಹಿಳಾ ದಿನದಂದು ಕೇಳಿದರು.

ಓದಿ ಸಂತೋಷಪಟ್ಟೆ, ಸಂಕಟವೂ ಆಯಿತು. ಅಲ್ಲಿ ನ್ಯಾಯಾಧೀಶರಿದ್ದರು, ಕಡತವಿತ್ತು, ತೀರ್ಪಿತ್ತು. ಹಾಗಾಗಿ ಮುನ್ನೂರು ವರ್ಷವಾದರೂ ತೀರ್ಪು ರದ್ದುಮಾಡಲು ಬಂತು. ನನ್ನ ಮುತ್ತಜ್ಜಿಯನ್ನು ಯಾರೂ ಕಟಕಟೆಯಲ್ಲಿ ನಿಲ್ಲಿಸಲಿಲ್ಲ, ಯಾರೂ ಹೊಡೆಯಲಿಲ್ಲ. ಅವಳ ಕೈಯ ನೀರು ಮುಟ್ಟಲಿಲ್ಲ, ಮದುವೆಮನೆಯ ಅಡುಗೆಗೆ ಕರೆಯಲಿಲ್ಲ, ಅಷ್ಟೆ. ಬರೀ ಬಾಯಿಮಾತನ್ನು ಯಾವ ಸಭೆ ರದ್ದುಮಾಡಬೇಕು?

ಕಾನೂನು ಇಲ್ಲವೆಂದಲ್ಲ. ಡಾಕಿಣಿ ಎಂಬ ಹೆಸರಿಟ್ಟು ಹೆಂಗಸರನ್ನು ಹಿಂಸಿಸುವುದರ ವಿರುದ್ಧ 1999ರಲ್ಲಿ ಬಿಹಾರ, 2001ರಲ್ಲಿ ಜಾರ್ಖಂಡ್ ಕಾಯ್ದೆ ತಂದವು. ಸ್ವತಃ ಆ ಹಿಂಸೆ ಅನುಭವಿಸಿ ಇತರರ ಪರ ನಿಂತ ಜಾರ್ಖಂಡಿನ ಛುಟ್ನಿ ಮಹತೋ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನಮ್ಮ ರಾಜ್ಯದಲ್ಲೂ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಲೋಟ ಮುಟ್ಟದೆ ಎದ್ದುಹೋಗುವವರ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು?

ಆದ್ದರಿಂದ ಕಾನೂನಿನಾಚೆಗೆ ಎರಡು ಕೋರಿಕೆ. ಮನೆತನದ ಇತಿಹಾಸ ಅಚ್ಚು ಹಾಕಿಸುವವರು ಹೆಂಗಸರ ಹೆಸರು ಎಲ್ಲಿ ಬಿಟ್ಟುಹೋಗಿದೆ, ಯಾಕೆ ಬಿಟ್ಟುಹೋಗಿದೆ ಎಂದು ಒಮ್ಮೆ ವಿಚಾರಿಸಿ. ಮನೆಯಲ್ಲಿ ತೊಂಬತ್ತು ದಾಟಿದವರಿದ್ದರೆ ಈ ವರ್ಷವೇ ಕೇಳಿ. ಇನ್ನೊಂದು ಕೋರಿಕೆ ಸಂಪಾದಕರಾದ ತಮಗೆ. ‘ಹೊಟ್ಟೆಯಲ್ಲಿನ ಮದ್ದು ತೆಗೆಯಲಾಗುವುದು’ ಎಂಬ ಜಾಹೀರಾತುಗಳು ಈಗಲೂ ಪತ್ರಿಕೆಗಳ ಒಳಪುಟಗಳಲ್ಲಿ, ಕೇಬಲ್ ಟಿವಿಯಲ್ಲಿ ಬರುತ್ತಿವೆ. ಮಾಂತ್ರಿಕ ಚಿಕಿತ್ಸೆಯ ಜಾಹೀರಾತನ್ನು ತಡೆಯುವ ಕಾಯ್ದೆ 1954ರಿಂದಲೇ ಇದೆ. ಖಾಲಿ ಹೊಟ್ಟೆಗೆ ಸೊಪ್ಪಿನ ರಸ ಕುಡಿಸಿ, ವಾಂತಿ ಮಾಡಿಸಿ, ‘ಇಗೋ ಗಡ್ಡೆ’ ಎಂದು ತೋರಿಸುವವರು ರೋಗಿಯನ್ನು ವಾಸಿಮಾಡುವುದಿಲ್ಲ. ಆ ಗಡ್ಡೆ ಹಿಡಿದುಕೊಂಡು ಮನೆಗೆ ಬಂದವರು ‘ಕೊನೆಗೆ ಊಟ ಮಾಡಿದ್ದು ಯಾರ ಮನೆಯಲ್ಲಿ’ ಎಂದು ಲೆಕ್ಕಹಾಕತೊಡಗುತ್ತಾರೆ. ದಯವಿಟ್ಟು ಅಂಥವನ್ನು ನಿಮ್ಮಲ್ಲಿ ಹಾಕಬೇಡಿ.

ಇಷ್ಟೆಲ್ಲ ಬರೆದೂ ನನ್ನ ಹೆಸರು, ಮುತ್ತಜ್ಜಿಯ ಹೆಸರು, ಊರು ಯಾವುದನ್ನೂ ಬರೆದಿಲ್ಲ. ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದೇವೆ. ಅವಳು ಬೆಂಗಳೂರಿನಲ್ಲಿ ಇಂಜಿನಿಯರ್. ‘ಬರೆಯಿರಿ ಅತ್ತೆ, ನನಗೇನೂ ಭಯವಿಲ್ಲ’ ಎಂದಳು. ಭಯ ಅವಳ ತಾಯಿಗೆ. ನಾನು ಆ ತಾಯಿಯ ಮಾತಿಗೆ ಬೆಲೆ ಕೊಟ್ಟಿದ್ದೇನೆ. ಮನಸ್ಸಿಲ್ಲದೆ ಕೊಟ್ಟಿದ್ದೇನೆ.

ವಂಶವೃಕ್ಷವನ್ನು ಮಾತ್ರ ತಿದ್ದಿಸಿದೆವು. ಚಿಕ್ಕಪ್ಪನ ಮಗ ಒಪ್ಪಲು ಎಂಟು ತಿಂಗಳು ಬೇಕಾಯಿತು. ನಾಡಕಚೇರಿಯಿಂದ ಬಂದ ಪ್ರತಿಯನ್ನು ಅತ್ತೆಗೆ ಓದಿಹೇಳಿದೆ. ಹಿರೀ ಹೆಂಡತಿಯ ಹೆಸರು ಬಂದಾಗ ಇನ್ನೊಂದು ಸಲ ಓದು ಅಂದಳು. ಆಮೇಲೆ, ‘ಅವ್ಳ ತವರೂರೂ ಬರಿ ಕಣವ್ವ, ಅಲ್ಲಿ ಎಲ್ಲರೂ ಅವ್ಳ ಕೈಯ ಊಟ ಉಂಡೋರೇ’ ಅಂದಳು. ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ನಮ್ಮ ಮನೆಯಲ್ಲಿಟ್ಟುಕೊಂಡ ಪ್ರತಿಯ ಅಂಚಿನಲ್ಲಿ ಪೆನ್ನಿನಿಂದ ಬರೆದೆ.

— ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ