ತರಗತಿಗೆ ಇನ್ನೊಬ್ಬರು ಬೇಕು

ಮಾನ್ಯ ಸಂಪಾದಕರೇ,

ವಿಶೇಷ ಶಿಕ್ಷಕರ ಬಗ್ಗೆ ಪತ್ರಿಕೆಗಳಲ್ಲಿ ಏನೇ ಬಂದರೂ ‘ಎಷ್ಟು ತಾಳ್ಮೆ ಇವರಿಗೆ!’ ಎಂಬ ಮಾತು ಇದ್ದೇ ಇರುತ್ತದೆ. ಪ್ರೀತಿಯಿಂದ ಹೇಳುವ ಮಾತು, ನಿಜ. ಆದರೆ ವಿಶೇಷ ಅಗತ್ಯಗಳಿರುವ ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವ ನನಗೆ ಅದಕ್ಕಿಂತ ಜಾಸ್ತಿ ಬೇಕಿರುವುದು ತರಗತಿಯಲ್ಲಿ ಕೆಲಸ ಗೊತ್ತಿರುವ ಇನ್ನೊಬ್ಬರು.

ಯಾಕೆ ಅಂತ ಹೇಳುತ್ತೇನೆ. ಆಟಿಸಂ ಇರುವ, ಇನ್ನೂ ಮಾತು ಬಾರದ ಒಬ್ಬ ಹುಡುಗನಿಗೆ ಸೋಪಿನ ಗುಳ್ಳೆ ಅಂದರೆ ಪ್ರಾಣ. ಅದು ಬೇಕಾದಾಗ ಅಳುತ್ತಾನೆ, ಇಲ್ಲವೇ ನೆಲಕ್ಕೆ ಬೀಳುತ್ತಾನೆ. ಇಂಥ ಮಕ್ಕಳಿಗೆ, ತಮಗೆ ಬೇಕಾದ ವಸ್ತುವಿನ ಚಿತ್ರವನ್ನು ಎದುರಿನವರಿಗೆ ಕೊಟ್ಟು ಅದನ್ನು ಕೇಳುವುದನ್ನು ಕಲಿಸುವ ‘ಪೆಕ್ಸ್’ ಎಂಬ ವಿಧಾನವಿದೆ. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ್ದು. ಇದರ ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕೇ ಬೇಕು.

ಒಬ್ಬರು ಗುಳ್ಳೆ ಡಬ್ಬಿ ಹಿಡಿದು ಎದುರಿಗೆ ಕೂರುತ್ತಾರೆ. ಇನ್ನೊಬ್ಬರು ಮಗುವಿನ ಹಿಂದೆ. ಮಗು ಡಬ್ಬಿಗೆ ಕೈ ಚಾಚಿದ ಕೂಡಲೇ ಹಿಂದಿನವರು ಆ ಕೈಯನ್ನು ಮೆಲ್ಲಗೆ ಚಿತ್ರದ ಮೇಲೆ ತರಬೇಕು, ಎತ್ತಿಸಬೇಕು, ಎದುರಿನವರ ಅಂಗೈಗೆ ಕೊಡಿಸಬೇಕು. ಎದುರಿನವರು ತಡಮಾಡದೆ ‘ಗುಳ್ಳೆ!’ ಎಂದು ಊದಬೇಕು. ‘ಏನು ಬೇಕು ಪುಟ್ಟಾ?’ ಅಂತ ಮೊದಲೇ ಕೇಳುವಂತಿಲ್ಲ. ಕೇಳಿದರೆ, ಯಾರಾದರೂ ಕೇಳುವ ತನಕ ಕಾಯುವುದನ್ನೇ ಮಗು ಕಲಿಯುತ್ತದೆ. ಹಿಂದಿನವರಂತೂ ತುಟಿ ಬಿಚ್ಚುವಂತಿಲ್ಲ. ದಿನ ಕಳೆದಂತೆ ಅವರು ಹಿಡಿತ ಸಡಿಲಿಸುತ್ತಾ ಬರಬೇಕು. ಮೊದಲು ಮಣಿಕಟ್ಟು, ಆಮೇಲೆ ಮೊಣಕೈ, ಕೊನೆಗೆ ಹೆಗಲಿಗೆ ಬರೀ ಬೆರಳು ತಾಗಿಸಿದರೆ ಸಾಕು.

ಇದು ಒಬ್ಬರೇ ಮಾಡುವ ಕೆಲಸವಲ್ಲ. ಎಷ್ಟೇ ತಾಳ್ಮೆ ಇದ್ದರೂ ಅಲ್ಲ. ಅಷ್ಟರಲ್ಲಿ ಇನ್ನೊಂದು ಮಗು ಬಾಗಿಲ ಹತ್ತಿರ ಹೋಗಿರುತ್ತದೆ, ಮತ್ತೊಂದು ಮಣಿ ಬಾಯಿಗೆ ಹಾಕಿಕೊಂಡಿರುತ್ತದೆ.

(ಚಿತ್ರ ಕೊಟ್ಟರೆ ಮಗು ಮಾತೇ ಕಲಿಯಲ್ಲ ಅಂತ ತುಂಬಾ ಪೋಷಕರು ಹೆದರುತ್ತಾರೆ. ದಯವಿಟ್ಟು ಹೆದರಬೇಡಿ. ಇದರಿಂದ ಮಾತಿಗೆ ಅಡ್ಡಿಯಾಗುವುದಿಲ್ಲ ಎಂದೇ ಅಧ್ಯಯನಗಳು ಹೇಳುತ್ತವೆ. ಕೆಲವು ಮಕ್ಕಳಿಗೆ ಮಾತು ಹೆಚ್ಚಿದ್ದೂ ಇದೆ.)

ಸಹಾಯಕಿಯರು ಇಲ್ಲವೇ ಇಲ್ಲ ಎಂದಲ್ಲ. ಆದರೆ ಅವರನ್ನು ಮಕ್ಕಳ ಬಟ್ಟೆ ಬದಲಿಸಲು, ನೆಲ ಒರೆಸಲು ಮಾತ್ರ ಇಟ್ಟುಕೊಳ್ಳುತ್ತಾರೆ. ತರಬೇತಿ ಕೊಡುವುದಿಲ್ಲ. ಸ್ವಲ್ಪ ಕಲಿತರು ಅನ್ನುವಷ್ಟರಲ್ಲಿ ಬೇರೆ ಕಡೆ ಹಾಕುತ್ತಾರೆ. ಹೊಸಬರ ಕೈಗೆ ಮಗು ಮತ್ತೆ ಹೊಂದಿಕೊಳ್ಳಬೇಕು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶಿಕ್ಷಕರಿಗಷ್ಟೇ ಅಲ್ಲ, ಶಿಕ್ಷಣದ ಎಲ್ಲ ಹಂತದ ಸಿಬ್ಬಂದಿಗೂ ತರಬೇತಿ ಇರಬೇಕು ಎನ್ನುತ್ತದೆ. ಮಗುವಿನ ಹಿಂದೆ ಕೂರುವ ಆ ಸಹಾಯಕಿಯೂ ಸಿಬ್ಬಂದಿಯೇ ಅಲ್ವಾ?

ನಿಮ್ಮ ವರದಿಗಾರರು ಇಂಥ ತರಗತಿಗೆ ಬಂದಾಗ ದಯವಿಟ್ಟು ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರಿದ್ದಾರೆ ಅಂತ ಎಣಿಸಿ ಬರೆಯಲಿ. ಸಹಾಯಕಿಗೆ ಕಲಿಸಿದವರು ಯಾರು ಅಂತ ಕೇಳಲಿ. ಪೋಷಕರೂ ಮಗುವನ್ನು ಸೇರಿಸುವ ಮುಂಚೆ ಇದನ್ನೇ ಕೇಳಿ. ಶಾಲೆ ಒಪ್ಪಿದರೆ ಕೆಲವು ದಿನ ಆ ಹಿಂದಿನ ಜಾಗದಲ್ಲಿ ನೀವೇ ಕೂತು ಕಲಿಯಿರಿ. ಮನೆಯಲ್ಲೂ ಅದೇ ರೀತಿ ಮಾಡಬೇಕಾಗುತ್ತದೆ.

– ಒಬ್ಬ ವಿಶೇಷ ಶಿಕ್ಷಕಿ