ಮಗಳಿಗೊಂದು ಪತ್ರ: ಕಟ್ಟಿಕೊಟ್ಟದ್ದನ್ನು ನೋಡಿಕೊಳ್ಳುವವರು ಯಾರು?

ಪೊನ್ನಂಪೇಟೆ, ಕೊಡಗು

ಪ್ರೀತಿಯ ಮಗಳಿಗೆ,

ಆಶೀರ್ವಾದಗಳು. ನಿನ್ನ ಪ್ರಶ್ನೆ ಫೋನಿನಲ್ಲಿ ಉತ್ತರಿಸಿ ಮುಗಿಸುವಂಥದ್ದಲ್ಲವೆನಿಸಿದ್ದರಿಂದ ಕಾಗದ ಬರೆಯುತ್ತಿದ್ದೇನೆ. ‘ಇಷ್ಟು ವರ್ಷ ಒಂದೇ ಜಿಲ್ಲೆಯಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಕೆಲಸದಲ್ಲಿದ್ದು ವೃತ್ತಿಯಲ್ಲಿ ನೀನು ಬೆಳೆದದ್ದು ಎಲ್ಲಿ, ಅಮ್ಮ?’ ಎಂದು ಕೇಳಿದೆ. ಬೆಂಗಳೂರಿನ ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಕೆಲಸವನ್ನೂ ಹಳ್ಳಿಯಲ್ಲೇ ನೆಲೆಸಿ ಮಾಡಬೇಕಾದ ಕಡಿಮೆ ಸಂಬಳದ ಕೆಲಸವನ್ನೂ ಮುಂದಿಟ್ಟುಕೊಂಡು ಕೇಳಿದ ಪ್ರಶ್ನೆಯಾದ್ದರಿಂದ, ನಿನಗೆ ಹಿತವೆನಿಸುವ ನಾಲ್ಕು ಮಾತು ಹೇಳಿ ಸುಮ್ಮನಾಗಲು ನನಗೆ ಮನಸ್ಸಾಗಲಿಲ್ಲ.

ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯು) ಮುಗಿಸಿ ನಾನು ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಕ್ಷೇತ್ರದಲ್ಲಿ ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ, ಈ ಊರಿಗೆ ಏನು ಬೇಕು ಎಂಬುದು. ಅದು ಒಳ್ಳೆಯ ಪ್ರಶ್ನೆಯೇ. ಆದರೆ ಊರೂರು ತಿರುಗುತ್ತ ಹೋದಂತೆ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿತು, ಈಗ ನಾನು ಅದನ್ನೇ ಮೊದಲು ಕೇಳುತ್ತೇನೆ: ಮಾಡಿಕೊಟ್ಟದ್ದನ್ನು ನಾಲ್ಕನೆಯ ವರ್ಷ ನೋಡಿಕೊಳ್ಳುವವರು ಯಾರು, ಅವರಿಗೆ ಅದರ ಮೇಲೆ ಅಧಿಕಾರವಿದೆಯೇ, ಅದಕ್ಕೆ ಬೇಕಾದ ಹಣವೂ ಬಿಡುವೂ ಅವರ ಬಳಿ ಇವೆಯೇ? ಸುಸ್ಥಿರ ಅಭಿವೃದ್ಧಿ ಎಂದು ವರದಿಗಳಲ್ಲಿ ಬರೆಯುವುದೆಲ್ಲ ನನ್ನ ಮಟ್ಟಿಗೆ ಇಷ್ಟಕ್ಕೆ ಬಂದು ನಿಲ್ಲುತ್ತದೆ. ನನ್ನ ವೃತ್ತಿಯಲ್ಲಿ ಬೆಳವಣಿಗೆ ಎನ್ನುವಂಥದ್ದು ಏನಾದರೂ ಆಗಿದ್ದರೆ ಅದು ಈ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ, ಸರಿಯಾದವರ ಮುಂದೆ ಕೇಳಲು ಕಲಿತದ್ದು.

ನೀರಿನ ಕೆಲಸ ನನಗೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿಸಿತು. ನಮ್ಮದು ಕಾವೇರಿ ಹುಟ್ಟುವ ಜಿಲ್ಲೆ, ಆಟಿ ತಿಂಗಳ ಮಳೆಯಲ್ಲಿ ಕಾಲಿಟ್ಟಲ್ಲೆಲ್ಲ ನೀರು. ಆದರೂ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ತಡವಾದ ವರ್ಷಗಳಲ್ಲಿ ಗುಡ್ಡದ ಮೇಲಿನ ಮನೆಗಳ ಹೆಂಗಸರು ಕೊಡ ಹಿಡಿದು ಕೆಳಗಿನ ತೋಡಿನವರೆಗೆ ಇಳಿದು ಹತ್ತುವುದನ್ನು ನೀನೂ ನೋಡಿ ಬೆಳೆದವಳು. 2019ರಲ್ಲಿ ಜಲ ಜೀವನ ಮಿಷನ್ ಬಂತು, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾಯಿತು, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಮನೆಯ ನಲ್ಲಿಯಲ್ಲಿ ಸಿಗಬೇಕೆಂಬ ಗುರಿ ನಿಗದಿಯಾಯಿತು. ಟ್ಯಾಂಕು, ಪೈಪು, ನಲ್ಲಿಗಳ ಲೆಕ್ಕ ಎಲ್ಲರಿಗೂ ಕಾಣುತ್ತದೆ. ಆ ಯೋಜನೆಯಲ್ಲಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯೆಂಬ ಒಂದು ಅಂಗವಿದೆ, ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ನೀರಿನ ನಿರ್ವಹಣೆ ಅವರ ಕೈಯಲ್ಲಿರಬೇಕು ಎಂಬುದು ಮಾತ್ರ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಡಂಚಿನ ಒಂದು ಊರಿನಲ್ಲಿ ಊಟೆಯ, ಅಂದರೆ ನೆಲದಿಂದ ಉಕ್ಕುವ ಒರತೆಯ, ನೀರನ್ನು ಪೈಪಿನಲ್ಲಿ ಇಳಿಸಿ ಮನೆಗಳಿಗೆ ಕೊಡುವ ವ್ಯವಸ್ಥೆಯ ಲೆಕ್ಕವನ್ನು ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಬರೆದಿಡುತ್ತಾರೆ. ತೋಟದ ಕೆಲಸ ಮುಗಿಸಿ ಬಂದು, ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಅಡಿಕೋಲಿನಿಂದ ಗೆರೆ ಎಳೆದು ಬರೆದ ಲೆಕ್ಕ ಅದು. ಒಂದು ಪುಟದಲ್ಲಿ ಹೀಗಿತ್ತು: ಗೇಟ್ ವಾಲ್ವ್, ಪೈಪು ಅಂಟಿಸುವ ಸೊಲ್ಯೂಷನ್, ಆನೆ ತುಳಿದ ಕಡೆಗೆ ಪೈಪಿನ ತುಂಡು, ನೀರುಗಂಟಿಗೆ ಕೊಟ್ಟದ್ದು, ಊಟೆಯ ಬಾಯಿ ಬಿಡಿಸಿದವರಿಗೆ ಕಾಫಿ ತಿಂಡಿ. ಬೇಸಿಗೆಯಲ್ಲಿ ಆನೆ ಪೈಪು ಒಡೆಯುವುದು ಆ ಊರಿಗೆ ಗೊತ್ತಿದ್ದ ಸಂಗತಿಯಾದ್ದರಿಂದ ಪೈಪಿನ ತುಂಡನ್ನು ಅವರು ಮೊದಲೇ ತಂದು ಅಂಗನವಾಡಿಯ ಅಟ್ಟದ ಮೇಲೆ ಇರಿಸಿರುತ್ತಾರೆ. ಆ ಯೋಜನೆಯ ಅಂದಾಜುಪಟ್ಟಿ ತಯಾರಿಸಿದ ಯಾರೂ ಆನೆಗೆಂದು ಒಂದು ಸಾಲು ಬರೆದಿರಲಿಲ್ಲ. ಆ ಪುಟವನ್ನು ಓದಿದ ಮೇಲೆ ನಾನು ಯಾವ ಊರಿಗೆ ಹೋದರೂ ಟ್ಯಾಂಕು ನೋಡುವ ಮೊದಲು ಪುಸ್ತಕ ನೋಡುತ್ತೇನೆ. ಪುಸ್ತಕ ಇದ್ದ ಕಡೆ ನೀರು ಇರುತ್ತದೆ ಎಂದು ಇಷ್ಟು ವರ್ಷಗಳ ಅನುಭವದ ಮೇಲೆ ಧೈರ್ಯವಾಗಿ ಹೇಳಬಲ್ಲೆ.

ಬಿಡುವಿನ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಗ್ರಾಮಸಭೆಗೆ ಜನ ಬರುವುದಿಲ್ಲ, ಅವರಿಗೆ ಆಸಕ್ತಿಯಿಲ್ಲ ಎಂಬ ಮಾತನ್ನು ನೀನು ಎಲ್ಲಿ ಹೋದರೂ ಕೇಳುತ್ತೀಯೆ. ಬೆಳಿಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆಗಳಲ್ಲಿ) ಇರುವ ಕಾರ್ಮಿಕರು ಬರಬೇಕಾದರೆ ಒಂದು ದಿನದ ಕೂಲಿ ಬಿಡಬೇಕು. ಅದರಲ್ಲೂ ಜನವರಿಯಿಂದ ಮಾರ್ಚ್‌ವರೆಗೆ, ರೊಬಸ್ಟಾ ಕೊಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ದುಡಿಮೆ ಸಿಗುವ ಕಾಲದಲ್ಲಿ, ಯಾವ ತಾಯಿಯೂ ತನ್ನ ಮನೆಯ ವರ್ಷದ ಆದಾಯವನ್ನು ಬಿಟ್ಟು ಸಭೆಯಲ್ಲಿ ಬಂದು ಕೂರಲಾರಳು, ಕೂರಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ನಮ್ಮ ತಂಡ ಸಭೆಗಳನ್ನು ಸಂಜೆಗೆ, ಲೈನ್ ಮನೆಗಳ ಅಂಗಳಕ್ಕೇ ತಂದಾಗ ಮಾತನಾಡುವವರು ಬದಲಾದರು, ಮಾತಿನ ವಿಷಯವೂ ಬದಲಾಯಿತು. ಅಲ್ಲಿಯವರೆಗೆ ರಸ್ತೆ ಮತ್ತು ಬೀದಿದೀಪದ ಸುತ್ತ ಸುತ್ತುತ್ತಿದ್ದ ಚರ್ಚೆ ಶೌಚಾಲಯಕ್ಕೆ, ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿನ ಆನೆ ಭಯಕ್ಕೆ, ಸತ್ತವರನ್ನು ಹೂಳಲು ಜಾಗವಿಲ್ಲದ ಸಂಕಟಕ್ಕೆ ಹೊರಳಿತು. ಸಭೆಯ ಹೊತ್ತನ್ನು ಗೊತ್ತುಮಾಡುವುದು ಗುಮಾಸ್ತರ ಕೆಲಸವೆಂದು ಯಾರೂ ನಿನಗೆ ಹೇಳದಿರಲಿ, ನಮ್ಮ ವೃತ್ತಿಯ ಅರ್ಧ ನ್ಯಾಯ ಅಲ್ಲೇ ತೀರ್ಮಾನವಾಗುತ್ತದೆ.

ಇನ್ನು ಅಧಿಕಾರದ ಮಾತು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು, ಅದರ ನಿಯಮಗಳು 2008ರ ಆರಂಭದಲ್ಲಿ ಜಾರಿಯಾದವು. ಜೇನುಕುರುಬರು, ಬೆಟ್ಟಕುರುಬರು, ಎರವರು ಇರುವ ಹಾಡಿಗಳಲ್ಲಿ, ಅಂದರೆ ಆದಿವಾಸಿಗಳ ಪುಟ್ಟ ಊರುಗಳಲ್ಲಿ, ಅದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದದ್ದು ನನ್ನ ಪುಣ್ಯವೆಂದೇ ಭಾವಿಸುತ್ತೇನೆ. ನಾನು ಓದಿದ ಕಾನೂನುಗಳಲ್ಲಿ ಇಷ್ಟು ವಿನಯವುಳ್ಳದ್ದು ಇನ್ನೊಂದಿಲ್ಲ. ಕಾಗದಪತ್ರ ಇಲ್ಲದವರಿಗೆ, ನಿಮ್ಮ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ, ಹಳೆಯ ಬಾವಿಯೂ ಸಾಕ್ಷ್ಯ, ನಿಮ್ಮವರನ್ನು ಹೂತ ಜಾಗವೂ ನೀವು ಪೂಜಿಸುವ ಜಾಗವೂ ಸಾಕ್ಷ್ಯ ಎಂದು ಅದರ ನಿಯಮ ಹೇಳುತ್ತದೆ. ಹಾಡಿಯ ಗ್ರಾಮಸಭೆಯೇ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು, ಅದರಲ್ಲಿ ಹತ್ತರಿಂದ ಹದಿನೈದು ಜನ ಇರಬೇಕು, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು. ಒಂದು ಕುಟುಂಬ ಬದುಕಿ ಉಳುತ್ತಿರುವ ಭೂಮಿಗೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕು ಕೇಳಬಹುದು. ಇಡೀ ಹಾಡಿ ಒಟ್ಟಾಗಿ ಜೇನು, ಸೀಗೆ, ಬಿದಿರು, ಗೆಡ್ಡೆಗೆಣಸುಗಳ ಮೇಲಿನ ಸಮುದಾಯ ಹಕ್ಕನ್ನೂ ತಾನು ರೂಢಿಯಿಂದ ಕಾಯುತ್ತ ಬಂದ ಕಾಡನ್ನು ಮುಂದೆಯೂ ತಾನೇ ನಿರ್ವಹಿಸುವ ಹಕ್ಕನ್ನೂ ಕೇಳಬಹುದು.

ಗಡಿ ಗುರುತಿಸಲು ಹಿರಿಯರ ಹಿಂದೆ ನಡೆದಾಗ ನಾನು ಕಲಿತದ್ದನ್ನು ಯಾವ ಕಾಲೇಜೂ ಕಲಿಸಲಾರದು. ಅವರು ಮರದಿಂದ ಮರಕ್ಕೆ ನಡೆಯುತ್ತಾರೆ. ಹೆಜ್ಜೇನು ಕಟ್ಟುವ ಮರ ಯಾವುದು, ಅದರಲ್ಲಿ ಎಷ್ಟು ಬಿಟ್ಟು ಕೊಯ್ಯಬೇಕು, ಯಾವ ಮನೆತನದವರು ಆ ಮರ ಹತ್ತುತ್ತಿದ್ದರು ಎಂದು ಹೇಳುತ್ತ ಹೋಗುತ್ತಾರೆ, ಜಿಪಿಎಸ್ ಹಿಡಿದ ಹುಡುಗ ಅದನ್ನೆಲ್ಲ ಒಂದೊಂದು ಚುಕ್ಕೆಯಾಗಿ ಗುರುತಿಸಿಕೊಳ್ಳುತ್ತಾನೆ. ಕೊಡುವ ನಕ್ಷೆಯಲ್ಲಿ ಚುಕ್ಕೆ ಮಾತ್ರ ಇರುತ್ತದೆ. ಹಾಗಾಗಿ ಆ ಮಾತುಗಳನ್ನೂ ಪುಟಪುಟವಾಗಿ ಬರೆದು ಅರ್ಜಿಯೊಡನೆ ಲಗತ್ತಿಸಬೇಕೆಂದು ನಾನು ಹಟ ಹಿಡಿದೆ, ಈಗಲೂ ಹಿಡಿಯುತ್ತೇನೆ. ಅರ್ಜಿಗಳು ಕಚೇರಿಗಳಲ್ಲಿ ವರ್ಷಗಟ್ಟಲೆ ಕೂತಿವೆ, ಕೆಲವು ಕಾರಣ ಕೊಡದೆ ತಿರಸ್ಕೃತವಾಗಿವೆ. ಅದರ ಬಗ್ಗೆ ನನಗೆ ಸಿಟ್ಟಿದೆ, ಆ ಸಿಟ್ಟು ಕಡಿಮೆಯಾಗಬೇಕೆಂದು ನಾನು ಬಯಸುವುದಿಲ್ಲ. ಆದರೆ ಅದನ್ನು ಮೇಲ್ಮನವಿಯ ಭಾಷೆಯಲ್ಲಿ, ಕಲಮು ಮತ್ತು ದಿನಾಂಕದೊಂದಿಗೆ, ಅವಧಿ ಮೀರುವ ಮೊದಲು ಬರೆಯುವುದು ಹೇಗೆಂದು ಕಲಿತಿದ್ದೇನೆ. ವಯಸ್ಸಿನೊಂದಿಗೆ ನಾನು ಶಾಂತಳಾಗಿದ್ದೇನೆ ಎಂದು ನಿನ್ನ ಅಜ್ಜಿ ಹೇಳುತ್ತಾರಲ್ಲ, ಅವರಿಗೆ ಹಾಗೆ ಕಾಣುವುದು ಇದರಿಂದಲೇ ಇರಬೇಕು.

ನೋಡಿಕೊಳ್ಳುವವರಿದ್ದರೆ ಏನು ಉಳಿಯುತ್ತದೆ, ಅವರ ಕೈ ಸಡಿಲವಾದರೆ ಏನು ಹೋಗುತ್ತದೆ ಎಂಬುದಕ್ಕೆ ದೇವರ ಹೆಸರಿನಲ್ಲಿ ಊರವರು ಕಾಯ್ದುಕೊಂಡು ಬಂದ ನಮ್ಮ ದೇವರಕಾಡುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಈ ಪುಟ್ಟ ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಊರಿನ ಮುಖ್ಯಸ್ಥರಾದ ತಕ್ಕರು, ವರ್ಷಕ್ಕೊಮ್ಮೆಯ ಹಬ್ಬ, ಕೊಡಲಿ ಒಯ್ಯಬಾರದೆಂಬ ಕಟ್ಟು, ಇವುಗಳ ಬಲದಿಂದಲೇ ಅವು ತಲೆಮಾರುಗಳನ್ನು ದಾಟಿ ಬಂದವು. 1905ರ ಲೆಕ್ಕದಲ್ಲಿ 15,500 ಎಕರೆಗೂ ಮೀರಿ ಇದ್ದ ಆ ಕಾಡು, ಇಲಾಖೆಯಿಂದ ಇಲಾಖೆಗೆ ಕೈ ಬದಲಾಗುತ್ತ, ಒತ್ತುವರಿಯಾಗುತ್ತ, 1985ರ ಹೊತ್ತಿಗೆ 6,300 ಎಕರೆಯ ಆಸುಪಾಸಿಗೆ ಇಳಿದಿತ್ತು. ದೇವರ ಮೇಲಿನ ಭಕ್ತಿ ಕಡಿಮೆಯಾದದ್ದೇ ಇದಕ್ಕೆ ಕಾರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಊರವರಿಗೆ ಹೊಣೆ ಉಳಿಯಿತು, ತಡೆಯುವ ಅಧಿಕಾರ ಉಳಿಯಲಿಲ್ಲ.

2018ರ ಆಗಸ್ಟ್ ತಿಂಗಳನ್ನು ನಿನಗೆ ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿಯ ಕಡೆ ಗುಡ್ಡಗಳು ಜಾರಿದ ಆ ದಿನಗಳಲ್ಲಿ ನೀನೂ ಪರಿಹಾರ ಕೇಂದ್ರದಲ್ಲಿ ನನ್ನ ಜೊತೆ ಹೊದಿಕೆ ಹಂಚಿದವಳು. ಅತಿಮಳೆಯ ಜೊತೆಗೆ ರಸ್ತೆಗೆಂದು, ಕಟ್ಟಡಕ್ಕೆಂದು ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ನನ್ನ ಮನಸ್ಸಿನಲ್ಲಿ ನಿಂತದ್ದು ಆನಂತರದ ವರ್ಷಗಳು. ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಸರ್ಕಾರ ಹೊಸ ಮನೆಗಳನ್ನು ಕಟ್ಟಿಕೊಟ್ಟಿತು, ಅದು ದೊಡ್ಡ ಕೆಲಸವೇ. ಆದರೆ ಗದ್ದೆ, ತೋಟ, ಹಟ್ಟಿಗಳ ನಡುವೆ ದೂರದೂರ ಮನೆ ಮಾಡಿಕೊಂಡು ಬದುಕಿದ ಜನ ಸಾಲುಮನೆಗಳಲ್ಲಿ ನೆರೆಯವರಾಗುವುದು ಗೋಡೆ ಎದ್ದ ದಿನವೇ ಆಗುವಂಥದ್ದಲ್ಲ. ಕಾಫಿ ಒಣಗಿಸುವ ಕಣ ಎಲ್ಲಿ, ದನ ಕಟ್ಟುವುದೆಲ್ಲಿ, ಕಸ ಯಾರು ಎತ್ತಬೇಕು, ಮೋಟಾರಿನ ಕರೆಂಟ್ ಬಿಲ್ ಯಾರು ಕಟ್ಟಬೇಕು ಎಂದು ಕೂತು ಮಾತನಾಡಿ ಒಂದೊಂದನ್ನೇ ಇತ್ಯರ್ಥ ಮಾಡಿಕೊಳ್ಳುವ ಕೆಲಸಕ್ಕೆ ಅನುದಾನದ ಯಾವ ಶೀರ್ಷಿಕೆಯೂ ಇರುವುದಿಲ್ಲ. ಅದೇ ನಮ್ಮ ಕೆಲಸ.

ನಿನ್ನ ಮುಂದಿರುವ ಆಯ್ಕೆಯ ಬಗ್ಗೆ ಹೇಳುವುದಾದರೆ, ಕಂಪನಿಯ ಕೆಲಸವನ್ನು ನಾನು ಕೀಳಾಗಿ ಕಾಣುವವಳಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಲೇಬೇಕು, ಆ ಹಣ ಎಲ್ಲಿಗೆ ಹೋಗಬೇಕೆಂದು ಯಾರಾದರೂ ತಿಳಿದವರು ಹೇಳಲೇಬೇಕು. ಆದರೆ ಆ ಕಲಮಿನಡಿಯ ನಿಯಮಗಳಲ್ಲಿ ‘ನಡೆಯುತ್ತಿರುವ ಯೋಜನೆ’ ಎಂದರೆ, ಆರಂಭದ ಆರ್ಥಿಕ ವರ್ಷವನ್ನು ಬಿಟ್ಟು ಮೂರು ವರ್ಷ ಮೀರಬಾರದು ಎಂದಿದೆ. ಪೈಪು ಹಳತಾಗುವುದು, ಮೊದಲ ಸಮಿತಿಯ ಅವಧಿ ಮುಗಿದು ಹೊಸಬರು ಬರುವುದು, ಉತ್ಸಾಹ ಇಳಿಯುವುದು ಎಲ್ಲವೂ ಆನಂತರವೇ. ಆದ್ದರಿಂದ ಸಂದರ್ಶನದಲ್ಲಿ ಅವರು ನಿನ್ನನ್ನು ಏನೇ ಕೇಳಲಿ, ನೀನು ಅವರನ್ನು ಒಂದು ಮಾತು ಕೇಳು: ಈ ಹಿಂದೆ ಮುಗಿಸಿದ ಯೋಜನೆಗಳ ಊರುಗಳಿಗೆ ನಿಮ್ಮವರು ಮತ್ತೆ ಹೋಗುತ್ತಾರೆಯೇ, ಹೋಗಲು ನನಗೆ ಅನುಮತಿ ಇರುತ್ತದೆಯೇ? ಹೌದೆಂದರೆ ಸೇರು, ಸಂಬಳದ ಬಗ್ಗೆ ಸಂಕೋಚವಿಲ್ಲದೆ ಸೇರು. ಹಳ್ಳಿಯ ಕೆಲಸವನ್ನು ಆರಿಸಿಕೊಂಡರೆ ಅಲ್ಲಿಯೂ ಇದೇ ಪ್ರಶ್ನೆ ಕೇಳು, ಸಂಸ್ಥೆ ಚಿಕ್ಕದೆಂದ ಮಾತ್ರಕ್ಕೆ ಉತ್ತರ ಒಳ್ಳೆಯದಾಗಿರುತ್ತದೆ ಎಂದು ಅಂದುಕೊಳ್ಳಬೇಡ.

ನನ್ನ ಬಗ್ಗೆ ಇನ್ನೊಂದು ಮಾತು ಬರೆದು ಮುಗಿಸುತ್ತೇನೆ. ನನ್ನ ಓರಗೆಯವರು ಹಲವರು ನಿರ್ದೇಶಕರಾದರು, ದೆಹಲಿಗೆ ಹೋದರು, ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ನನಗೆ ಎರವ ನುಡಿ ಅರ್ಥವಾಗುತ್ತದೆ, ಪಹಣಿಯನ್ನೂ ಸರ್ವೆ ನಕ್ಷೆಯನ್ನೂ ಓದಬಲ್ಲೆ, ಸಭೆಯಲ್ಲಿ ಯಾರು ಮಾತನಾಡದೆ ಎದ್ದು ಹೋದರೆಂಬುದು ಗಮನಕ್ಕೆ ಬರುತ್ತದೆ, ಮರುದಿನ ಅವರ ಮನೆಯಂಗಳದಲ್ಲಿ ಕೂತು ಅವರ ಮಾತು ಮುಗಿಯುವವರೆಗೆ ಕೇಳುವ ತಾಳ್ಮೆಯಿದೆ. ಇವೆಲ್ಲ ಇಲ್ಲೇ ಇದ್ದುದರಿಂದ ಬಂದವು. ಇದನ್ನು ಬೆಳವಣಿಗೆಯೆನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಪುತ್ತರಿ ಹಬ್ಬಕ್ಕೆ ಬರುವಾಗ ಒಂದೆರಡು ದಿನ ಹೆಚ್ಚು ರಜೆ ಹಾಕಿ ಬಾ. ನಾನು ಹೋಗುವ ಹಾಡಿಯೊಂದರಲ್ಲಿ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ ‘ಸಿ’ ನಮೂನೆಯ ಅರ್ಜಿ ತಯಾರಾಗುತ್ತಿದೆ, ಗುರುತಿಸಿಕೊಂಡ ಚುಕ್ಕೆಗಳನ್ನು ನಕ್ಷೆಯ ಮೇಲೆ ಕೂಡಿಸುವ ಕೆಲಸ ಬಾಕಿಯಿದೆ, ಅದು ನನಗಿಂತ ನಿನಗೆ ಚೆನ್ನಾಗಿ ಬರುತ್ತದೆ. ಸಮಿತಿಯ ಕಾರ್ಯದರ್ಶಿಗೆ ಹೇಳಿದ್ದೇನೆ, ಲ್ಯಾಪ್‌ಟಾಪ್ ತಂದರೆ ಸಾಕಂತೆ, ಸಭೆ ಸಂಜೆ ಐದೂವರೆಗೆ.

ಇಂತಿ,
ನಿನ್ನ ಅಮ್ಮ