ಪಿಯಾನೊ ಮುಚ್ಚಿದ್ದ ಮೂರು ವರ್ಷಗಳು

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ಮೂರು ವಾರಗಳಾದವು. ತಾಯಿ ತೀರಿಕೊಂಡ ಮೇಲೆ ಪೇಟಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ್ದೇನೆ, ಇನ್ನು ಅದನ್ನು ಇಳಿಸುವ ಮನಸ್ಸಿಲ್ಲ ಎಂದು ನೀನು ಬರೆದಿದ್ದೆ. ಆ ಒಂದು ಸಾಲಿಗೆ ಏನು ಹೇಳುವುದೆಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆ. ಈಗಲೂ ನನ್ನಲ್ಲಿ ಸಮಾಧಾನದ ಮಾತುಗಳಿಲ್ಲ. ಆದರೆ ಈಚಿನ ತಿಂಗಳುಗಳಲ್ಲಿ ನಾನು ಎಡೆಬಿಡದೆ ಕೇಳುತ್ತಿರುವ ಒಬ್ಬ ಜಾಝ್ ಪಿಯಾನೊ ವಾದಕಿಯ ಬಗ್ಗೆ ನಿನಗೆ ಬರೆಯಬೇಕೆನ್ನಿಸಿದೆ. ನಾನಿರುವ, ಅಮೆರಿಕದ ಈ ಡರ್ಹಮ್ ಊರಿನಲ್ಲಿಯೇ ಆಕೆ ತನ್ನ ಬದುಕಿನ ಕೊನೆಯ ವರ್ಷಗಳನ್ನು ಕಳೆದರು. ಇಲ್ಲಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಸಂಸ್ಕೃತಿಗಾಗಿ ಇರುವ ಕೇಂದ್ರಕ್ಕೆ ಆಕೆಯದೇ ಹೆಸರು: ಮೇರಿ ಲೂ ವಿಲಿಯಮ್ಸ್.

ಆಕೆ ಹುಟ್ಟಿದ್ದು 1910ರ ಮೇ 8ರಂದು, ಅಟ್ಲಾಂಟಾದಲ್ಲಿ, ಬೆಳೆದದ್ದು ಪಿಟ್ಸ್‌ಬರ್ಗ್‌ನಲ್ಲಿ. ಮನೆಯಲ್ಲಿ ಕಾಲಿನಿಂದ ತುಳಿಯುವ ಆರ್ಗನ್ ಒಂದಿತ್ತು. ನಮ್ಮ ನಾಟಕ ಕಂಪನಿಗಳ ಕಾಲುಪೇಟಿಯನ್ನು ನೆನಪಿಸಿಕೊಂಡರೆ ನಿನಗೆ ಅದರ ಸದ್ದು ಕಿವಿಗೆ ಬಂದೀತು. ತಾಯಿ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ನುಡಿಸುವ ರೂಢಿ. ಒಂದು ದಿನ ಮೂರು ವರ್ಷದ ಆ ಮಗು ತಾಯಿ ಈಗಷ್ಟೇ ನುಡಿಸಿ ಮುಗಿಸಿದ್ದನ್ನು ತಾನೇ ತಿರುಗಿ ನುಡಿಸಿತಂತೆ. ಬೆಚ್ಚಿಬಿದ್ದ ತಾಯಿ ಅಕ್ಕಪಕ್ಕದವರನ್ನು ಕರೆದು ತೋರಿಸಿದಳು. ಆದರೆ ಮಗಳಿಗೆ ಮೇಷ್ಟರನ್ನು ಮಾತ್ರ ಇಡಲಿಲ್ಲ. ಸ್ವರಲಿಪಿ ಓದುವುದನ್ನು ಕಲಿತರೆ ಕಾಗದವಿಲ್ಲದೆ ನುಡಿಸುವ ಶಕ್ತಿ ಹೋಗಿಬಿಡುತ್ತದೆ ಎಂಬ ಭಯ ಆಕೆಗೆ, ಏಕೆಂದರೆ ತನಗೇ ಹಾಗೆ ಆಗಿತ್ತೆಂದು ಆಕೆ ನಂಬಿದ್ದಳು. ಆದ್ದರಿಂದ ಮನೆಗೆ ಪಾಠ ಹೇಳುವವರ ಬದಲು ನುಡಿಸುವವರನ್ನು ಕರೆಸುತ್ತಿದ್ದಳು, ಮಗಳು ಕೇಳಿ ಕಲಿಯುತ್ತಿದ್ದಳು. ಗುರುವಿನ ಪಕ್ಕದಲ್ಲಿ ಕುಳಿತು ಕಿವಿಯಿಂದ ವಿದ್ಯೆ ಪಡೆದ ನಿನ್ನಂಥವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಅವರು ಪಿಟ್ಸ್‌ಬರ್ಗ್‌ಗೆ ಬಂದ ಹೊಸದರಲ್ಲಿ ನೆರೆಯ ಬಿಳಿಯರು ಮನೆಯ ಕಿಟಕಿಗಳಿಗೆ ಇಟ್ಟಿಗೆ ಎಸೆಯುತ್ತಿದ್ದರು. ಆ ಹುಡುಗಿ ಅದೇ ನೆರೆಯವರ ಮನೆಗಳಿಗೆ ಹೋಗಿ ಪಿಯಾನೊ ನುಡಿಸತೊಡಗಿದ ಮೇಲೆ ಇಟ್ಟಿಗೆಗಳು ನಿಂತವು. ಇದನ್ನು ಸಂಗೀತದ ಮಹಿಮೆ ಎಂದು ಕೊಂಡಾಡುವವರಿದ್ದಾರೆ. ನನಗೆ ಮಾತ್ರ ಅದನ್ನು ಓದುವಾಗಲೆಲ್ಲ ಸಂಕಟವಾಗುತ್ತದೆ. ತನ್ನ ಮನೆಯ ಗಾಜು ಉಳಿಸಿಕೊಳ್ಳಲು ಒಂದು ಮಗು ನುಡಿಸಬೇಕಾಗಿತ್ತು. ಮಲತಂದೆ ಫ್ಲೆಚರ್ ಬರ್ಲಿಗೆ ಆಕೆಯ ವಾದನವೆಂದರೆ ಪ್ರಾಣ. ತನ್ನ ದೊಡ್ಡ ಕೋಟಿನೊಳಗೆ ಆಕೆಯನ್ನು ಬಚ್ಚಿಟ್ಟುಕೊಂಡು ಜೂಜಿನ ಅಡ್ಡೆಗಳಿಗೆ ಕರೆದೊಯ್ದು, ಪಿಯಾನೊದ ಮುಂದೆ ಕೂರಿಸಿ, ಟೋಪಿಗೆ ಮೊದಲ ಡಾಲರನ್ನು ತಾನೇ ಹಾಕಿ, ಉಳಿದವರತ್ತ ಅದನ್ನು ಚಾಚುತ್ತಿದ್ದ.

ಅದೇ ಊರಿನ ಒಂದು ನಾಟಕಶಾಲೆಯಲ್ಲಿ ಆಕೆ ಕಂಡ ಒಂದು ದೃಶ್ಯವಿದೆ. ಲವಿ ಆಸ್ಟಿನ್ ಎಂಬ ವಾದಕಿ ರಂಗದ ಕೆಳಗೆ ಪಿಯಾನೊದ ಮುಂದೆ ಕಾಲ ಮೇಲೆ ಕಾಲು ಹಾಕಿ ಕುಳಿತು, ತುಟಿಯಲ್ಲಿ ಸಿಗರೇಟು ಕಚ್ಚಿಕೊಂಡು, ಎಡಗೈಯಿಂದ ಮೇಳವನ್ನು ನಡೆಸುತ್ತ, ಬಲಗೈಯಿಂದ ಮುಂದಿನ ಅಂಕಕ್ಕೆ ಬೇಕಾದ ಸಂಗೀತವನ್ನು ಬರೆಯುತ್ತಿದ್ದರು. ನಾನೂ ಹಾಗಾಗಬೇಕು ಎಂದು ಆ ಹುಡುಗಿ ಅಂದೇ ನಿಶ್ಚಯಿಸಿದಳು. ಮುಂದೆ ತಂಡಗಳೊಂದಿಗೆ ಊರೂರು ಅಲೆಯುವಾಗ ಎಡಗೈಯಿಂದ ನುಡಿಸುತ್ತ ಬಲಗೈಯಿಂದ ಬರೆದದ್ದನ್ನು ಆಕೆಯೇ ಹೇಳಿಕೊಂಡಿದ್ದಾರೆ. ಎಡಗೈ ತಿದಿಯೊತ್ತುವುದಕ್ಕೇ ಸವೆಯುತ್ತದೆ ಎಂದು ನೀನು ಹಿಂದೆ ಪೇಟಿಯ ಬಗ್ಗೆ ಗೊಣಗುತ್ತಿದ್ದುದು ನನಗೆ ಇಲ್ಲಿ ನೆನಪಾಗುತ್ತದೆ. ಮೇರಿ ಲೂ ಅವರ ಎಡಗೈಯನ್ನು ನೀನು ಕೇಳಬೇಕು. ಮಂದ್ರದಲ್ಲಿ ಒಂದು ಸ್ವರವನ್ನು ಮುಟ್ಟಿ, ಮರುಕ್ಷಣ ಮಧ್ಯಕ್ಕೆ ಜಿಗಿದು ಒಂದು ಸ್ವರಗುಚ್ಛವನ್ನು ಒತ್ತಿ, ಮತ್ತೆ ಮಂದ್ರಕ್ಕಿಳಿಯುವ ಆ ನಡಿಗೆ ತಬಲೆಯ ಕೆಲಸವನ್ನೂ ತಂಬೂರಿಯ ಕೆಲಸವನ್ನೂ ಒಟ್ಟಿಗೇ ಹೊತ್ತು ಸಾಗುತ್ತದೆ.

ಹದಿಹರೆಯದಲ್ಲಿಯೇ ಸ್ಯಾಕ್ಸೊಫೋನ್ ವಾದಕ ಜಾನ್ ವಿಲಿಯಮ್ಸ್ ಅವರನ್ನು ಮದುವೆಯಾಗಿ ಆಕೆ ಅವರ ಹಿಂದೆ ಹೋದರು. ಜಾನ್ ಸೇರಿದ್ದ ಆಂಡಿ ಕರ್ಕ್ ಅವರ ತಂಡ 1929ರಲ್ಲಿ ಕಾನ್ಸಾಸ್ ಸಿಟಿಗೆ ಬಂದು ನೆಲೆಯೂರಿತು. ಮೊದಮೊದಲು ತಂಡದಲ್ಲಿ ಆಕೆಗೆ ಸ್ಥಾನವಿರಲಿಲ್ಲ. ಕಾರು ಓಡಿಸಿದರು, ಒಂದಷ್ಟು ಕಾಲ ಶವ ಸಾಗಿಸುವ ಗಾಡಿಯನ್ನೂ ಓಡಿಸಿದರು. ಧ್ವನಿಮುದ್ರಣದ ದಿನ ತಂಡದ ಪಿಯಾನೊ ವಾದಕ ಬಾರದೆ ಹೋದಾಗ ಆ ಜಾಗದಲ್ಲಿ ಕುಳಿತರು. ತಲೆಯಲ್ಲಿ ಮೊಳಗುತ್ತಿದ್ದುದನ್ನು ಬರೆಯಲು ಬಾರದಿದ್ದುದರಿಂದ ಆರಂಭದಲ್ಲಿ ಆಕೆ ಹಾಡಿಯೋ ನುಡಿಸಿಯೋ ತೋರಿಸುವುದು, ಕರ್ಕ್ ಅದನ್ನು ಬರೆದುಕೊಳ್ಳುವುದು ನಡೆಯುತ್ತಿತ್ತು. ಬಳಿಕ ತಾವೇ ಬರೆಯಲು ಕಲಿತರು; ಮೊದಲ ಬರಹಗಳಲ್ಲಿ ವಾದ್ಯಗಳಿಗೆ ನಿಲುಕದ ಸ್ವರಗಳೂ ಸೇರಿಕೊಂಡಿದ್ದವಂತೆ. ಕೆಲವೇ ವರ್ಷಗಳಲ್ಲಿ ಆ ತಂಡದ ಧ್ವನಿ ಎಂದರೆ ಆಕೆಯ ಧ್ವನಿ ಎನ್ನುವಂತಾಯಿತು. 1937ರಲ್ಲಿ ಹೆಸರಾಂತ ತಂಡನಾಯಕ ಬೆನ್ನಿ ಗುಡ್‌ಮನ್ ಅವರಿಗೆ 'ರೋಲ್ ಎಮ್' ಬರೆದುಕೊಟ್ಟರು, ಮುಂದೆ ಅಂಥದೇ ಇನ್ನೊಬ್ಬ ತಂಡನಾಯಕ ಡ್ಯೂಕ್ ಎಲಿಂಗ್ಟನ್ ಅವರಿಗೂ ಬರೆದರು.

ಕಾನ್ಸಾಸ್ ಸಿಟಿಯ ಆ ಕಾಲವನ್ನು ನಿನಗೆ ಹೇಗೆ ವರ್ಣಿಸಲಿ? ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದಾಗ ಅಲ್ಲಿ ಮಾತ್ರ, ಊರಿನ ರಾಜಕೀಯ ಧಣಿಗಳ ಕೃಪೆಯಿಂದ, ಕ್ಲಬ್ಬುಗಳು ಬೆಳಗಿನವರೆಗೂ ತೆರೆದಿರುತ್ತಿದ್ದವು. ಒಂದು ರಾತ್ರಿ ಕೋಲ್ಮನ್ ಹಾಕಿನ್ಸ್ ಎಂಬ ಸ್ಯಾಕ್ಸೊಫೋನ್ ದಿಗ್ಗಜ ಊರಿಗೆ ಬಂದಿದ್ದರು. ಲೆಸ್ಟರ್ ಯಂಗ್, ಬೆನ್ ವೆಬ್‌ಸ್ಟರ್, ಹರ್ಷಲ್ ಇವಾನ್ಸ್ ಎಂಬ ಸ್ಥಳೀಯರು ಚೆರ್ರಿ ಬ್ಲಾಸಮ್ ಕ್ಲಬ್ಬಿನಲ್ಲಿ ಅವರಿಗೆ ಎದುರು ನಿಂತರು. ಮಾತಿಗೆ ಮಾತು, ತಾನಕ್ಕೆ ತಾನ, ಯಾರೂ ಸೋಲಲೊಲ್ಲರು. ಬೆಳಗಿನ ಜಾವ ನಾಲ್ಕಕ್ಕೆ ವೆಬ್‌ಸ್ಟರ್ ಮೇರಿ ಲೂ ಅವರ ಕಿಟಕಿ ತಟ್ಟಿ, ಪಿಯಾನೊದವರೆಲ್ಲ ದಣಿದುಹೋದರು, ಎದ್ದು ಬಾ ಎಂದು ಕರೆದರು. ಆಕೆ ಎದ್ದು ಹೋದಾಗ ಹಾಕಿನ್ಸ್ ಬನಿಯನ್ನಿನಲ್ಲಿ ನಿಂತು ಇನ್ನೂ ಊದುತ್ತಿದ್ದರಂತೆ. ಅಹೋರಾತ್ರಿ ಸಂಗೀತದಲ್ಲಿ ಸಾಥಿಗಾರರು ಬದಲಾಗುತ್ತ ಹೋಗಿ, ಬೆಳಗಿನ ರಾಗಗಳಿಗೆ ನಿನ್ನನ್ನು ಎಬ್ಬಿಸುತ್ತಿದ್ದ ಆ ರಾತ್ರಿಗಳನ್ನು ನೀನು ಮರೆತಿಲ್ಲವೆಂದು ಭಾವಿಸುತ್ತೇನೆ.

1942ರಲ್ಲಿ ಆಕೆ ಕರ್ಕ್ ತಂಡವನ್ನು ಬಿಟ್ಟರು. ಮರುವರ್ಷಗಳಲ್ಲಿ ನ್ಯೂಯಾರ್ಕ್‌ನ ಕೆಫೆ ಸೊಸೈಟಿಯಲ್ಲಿ ನುಡಿಸಿದರು. ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತು ಸಂಗೀತ ಕೇಳಬಹುದಾಗಿದ್ದ, ಆ ಕಾಲಕ್ಕೆ ವಿರಳವಾದ ಸ್ಥಳ ಅದು. ಹಾರ್ಲೆಮ್‌ನ ಹ್ಯಾಮಿಲ್ಟನ್ ಟೆರೇಸ್‌ನಲ್ಲಿದ್ದ ಆಕೆಯ ಮನೆಗೆ ಕ್ಲಬ್ಬುಗಳು ಮುಚ್ಚಿದ ಮೇಲೆ ಥೆಲೋನಿಯಸ್ ಮಂಕ್, ಬಡ್ ಪವೆಲ್, ಟ್ಯಾಡ್ ಡ್ಯಾಮೆರಾನ್, ಡಿಝೀ ಗಿಲೆಸ್ಪಿ ಬರುತ್ತಿದ್ದರು. ಅವರೆಲ್ಲ ಆಗ ಬೀಬಾಪ್ ಎಂಬ ಹೊಸ ಬಗೆಯನ್ನು ಕಟ್ಟುತ್ತಿದ್ದ ಕಿರಿಯರು. ಹಳೆಯ ತಲೆಮಾರಿನ ಅನೇಕರಿಗೆ ಅದು ಗದ್ದಲವಾಗಿ ಕೇಳಿಸುತ್ತಿತ್ತು. ಮೇರಿ ಲೂ ಆ ಕಿರಿಯರನ್ನು ಒಳಗೆ ಕರೆದು, ಊಟವಿಟ್ಟು, ಪಿಯಾನೊ ತೆರೆದಿಟ್ಟರು. ಅವರು ಬರೆದದ್ದನ್ನು ಕೇಳಿದರು, ತಿದ್ದಿದರು, ಅವರಿಂದ ತಾವೂ ಕಲಿತರು. ಆಕೆಯ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಈ ಮನೆಯೇ. 1936ರಲ್ಲಿ ಕರ್ಕ್ ತಂಡಕ್ಕಾಗಿ ಆಕೆ ಬರೆದ 'ವಾಕಿನ್ ಅಂಡ್ ಸ್ವಿಂಗಿನ್' ರಚನೆಯ ಒಂದು ನುಡಿ, ಎರಡು ದಶಕಗಳ ತರುವಾಯ ಮಂಕ್ ಅವರ 'ರಿದಮ್-ಎ-ನಿಂಗ್' ರಚನೆಯಲ್ಲಿ ಎದ್ದು ಬರುತ್ತದೆ. ಎರಡನ್ನೂ ಒಂದಾದ ಮೇಲೊಂದು ಕೇಳು. ಚೀಜು ಒಂದು ಮನೆಯಿಂದ ಇನ್ನೊಂದಕ್ಕೆ ನಡೆದುಹೋದದ್ದು ನಿನಗೆ ಯಾರ ವಿವರಣೆಯೂ ಇಲ್ಲದೆ ಕೇಳಿಸುತ್ತದೆ.

1945ರ 'ಜೋಡಿಯಾಕ್ ಸೂಟ್' ಹನ್ನೆರಡು ರಾಶಿಗಳ ಹೆಸರಿನ ಹನ್ನೆರಡು ತುಣುಕುಗಳ ಮಾಲೆ. ನಮ್ಮ ಚಂದ್ರರಾಶಿಯಲ್ಲ, ಅವರದು ಸೂರ್ಯ ನಿಂತ ಮನೆಯ ಲೆಕ್ಕ. ಒಂದೊಂದು ರಾಶಿಯನ್ನೂ ಆ ರಾಶಿಯಲ್ಲಿ ಹುಟ್ಟಿದ ಗೆಳೆಯರಿಗೆ ಅರ್ಪಿಸಿದ್ದಾರೆ: ಮೇಷ ಬೆನ್ ವೆಬ್‌ಸ್ಟರ್ ಮತ್ತು ಗಾಯಕಿ ಬಿಲ್ಲಿ ಹಾಲಿಡೇ ಅವರಿಗೆ, ತುಲಾ ಮಂಕ್, ಪವೆಲ್, ಗಿಲೆಸ್ಪಿ ಮತ್ತು ಪಿಯಾನೊ ವಾದಕ ಆರ್ಟ್ ಟೇಟಮ್ ಅವರಿಗೆ. ವಾರವಾರದ ತಮ್ಮ ರೇಡಿಯೊ ಕಾರ್ಯಕ್ರಮದಲ್ಲಿ ಒಂದೊಂದಾಗಿ ನುಡಿಸುತ್ತ ಬಂದು, ಆ ವರ್ಷದ ಕೊನೆಯ ದಿನ ನ್ಯೂಯಾರ್ಕಿನ ಸಂಗೀತಸಭಾಂಗಣ ಟೌನ್ ಹಾಲ್‌ನಲ್ಲಿ ಚಿಕ್ಕ ವಾದ್ಯವೃಂದದೊಂದಿಗೆ ಪೂರ್ತಿಯಾಗಿ ಪ್ರಸ್ತುತಪಡಿಸಿದರು. 'ತುಲಾ' ಮೃದುವಾದದ್ದು, ಎಲ್ಲಿಯೂ ಅವಸರಪಡುವುದಿಲ್ಲ. ಅದನ್ನು ಬರೆದ ಕೈಯೇ ಜೂಜಿನ ಅಡ್ಡೆಯ ಬೂಗಿ-ವೂಗಿ ಎಂಬ ಅಬ್ಬರದ ಪಿಯಾನೊ ಬಗೆಯನ್ನೂ ಗುಡುಗಿಸುತ್ತಿತ್ತೆಂಬುದನ್ನು ನಂಬುವುದು ಕಷ್ಟ.

ಇನ್ನು ನಾನು ನಿನಗೆ ನಿಜವಾಗಿ ಹೇಳಬೇಕೆಂದಿದ್ದ ಭಾಗ. 1952ರಲ್ಲಿ ಆಕೆ ಕೆಲವೇ ದಿನಗಳ ಕಾರ್ಯಕ್ರಮಕ್ಕೆಂದು ಇಂಗ್ಲೆಂಡಿಗೆ ಹೋದರು. ಯೂರೋಪಿನಲ್ಲಿ ಎರಡು ವರ್ಷ ಉಳಿದರು. 1954ರಲ್ಲಿ ಪ್ಯಾರಿಸ್ಸಿನ ಒಂದು ಕ್ಲಬ್ಬಿನಲ್ಲಿ, ನುಡಿಸುತ್ತಿದ್ದಂತೆಯೇ, ಪಿಯಾನೊ ಬಿಟ್ಟು ಎದ್ದು ಹೊರನಡೆದರು. ಮುಂದಿನ ಮೂರು ವರ್ಷ ವೇದಿಕೆ ಹತ್ತಲಿಲ್ಲ. ನ್ಯೂಯಾರ್ಕ್‌ಗೆ ಮರಳಿದ ಮೇಲೂ ನುಡಿಸಲಿಲ್ಲ. 1955ರ ಮಾರ್ಚ್‌ನಲ್ಲಿ ಬೀಬಾಪ್ ಕಟ್ಟಿದವರಲ್ಲಿ ಒಬ್ಬರಾದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ತೀರಿಕೊಂಡರು. ಆಕೆ ಪ್ರೀತಿಸಿದ ಎಷ್ಟೋ ವಾದಕರು ಮಾದಕ ವ್ಯಸನದಲ್ಲಿ ಕರಗಿಹೋಗುತ್ತಿದ್ದರು. ಹಾರ್ಲೆಮ್‌ನ ಒಂದು ಚರ್ಚಿನಲ್ಲಿ ದಿನಕ್ಕೆ ಗಂಟೆಗಟ್ಟಲೆ ಪ್ರಾರ್ಥನೆಯಲ್ಲಿ ಕೂರುತ್ತಿದ್ದರು. ಎಂದೋ ಕಿರಿಯರಿಗಾಗಿ ಪಿಯಾನೊ ತೆರೆದಿಟ್ಟಿದ್ದ ಅದೇ ಮನೆಯಲ್ಲಿ ಈಗ ವ್ಯಸನಿಗಳಾದ ವಾದಕರನ್ನು ಇರಿಸಿಕೊಂಡು, ಉಣಿಸಿ, ಶುಶ್ರೂಷೆ ಮಾಡಿದರು. 1957ರ ಮೇ ತಿಂಗಳಿನಲ್ಲಿ, ಗಿಲೆಸ್ಪಿಯವರ ಪತ್ನಿ ಲೊರೇನ್ ಅವರೊಂದಿಗೆ, ಕ್ಯಾಥೊಲಿಕ್ ದೀಕ್ಷೆ ಪಡೆದರು.

ಆ ಮೂರು ವರ್ಷಗಳನ್ನು ಕಳೆದುಹೋದ ಕಾಲವೆಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಮುಂದೆ ಬಂದ ಸಂಗೀತವನ್ನು ಕೇಳಿದರೆ, ಆ ಮೌನವಿಲ್ಲದೆ ಅದು ಹುಟ್ಟುತ್ತಿರಲಿಲ್ಲ ಎಂದೇ ತೋರುತ್ತದೆ. ಆಕೆಯನ್ನು ವೇದಿಕೆಗೆ ಹಿಂತಿರುಗಿಸಿದ್ದೂ ಬೋಧನೆಯಲ್ಲ, ಹತ್ತಿರದವರ ಒತ್ತಾಯ: ನಿನಗೆ ಬಂದಿರುವ ವರವನ್ನೇ ಪ್ರಾರ್ಥನೆಯಾಗಿಸು ಎಂದು ಪಾದ್ರಿಗಳೂ ಗಿಲೆಸ್ಪಿಯವರೂ ಹೇಳುತ್ತಲೇ ಬಂದರು. 1957ರ ಜುಲೈನಲ್ಲಿ ನ್ಯೂಪೋರ್ಟ್ ಉತ್ಸವದಲ್ಲಿ ಗಿಲೆಸ್ಪಿಯವರ ತಂಡದೊಂದಿಗೆ ಮತ್ತೆ ಕುಳಿತರು. ನುಡಿಸಿದ್ದು ಅದೇ ರಾಶಿಮಾಲೆಯ ಭಾಗಗಳನ್ನು.

1962ರಲ್ಲಿ ಪೆರುವಿನ ಕಪ್ಪು ಸಂತ ಮಾರ್ಟಿನ್ ಡಿ ಪೊರೆಸ್ ಅವರಿಗೆ ಸಂತಪದವಿ ದೊರೆತಾಗ ಆಕೆ ಬರೆದ ಸ್ತುತಿಗೀತೆ, 'ಬ್ಲ್ಯಾಕ್ ಕ್ರೈಸ್ಟ್ ಆಫ್ ದಿ ಆಂಡಿಸ್'. ಬಹುಪಾಲು ಮನುಷ್ಯಕಂಠಗಳೇ ಸಾಗುವ ಆ ರಚನೆಯಲ್ಲಿ ಪಿಯಾನೊ ತಡವಾಗಿ, ಅನುಮತಿ ಕೇಳಿಕೊಂಡಂತೆ ಒಳಬರುತ್ತದೆ. ಮುಂದೆ ಬರೆದ ಪೂಜಾಸಂಗೀತಗಳಲ್ಲಿ ಒಂದು 'ಮೇರಿ ಲೂಸ್ ಮಾಸ್' ಎಂದೇ ಪ್ರಸಿದ್ಧವಾಗಿ, 1971ರಲ್ಲಿ ನೃತ್ಯಸಂಯೋಜಕ ಆಲ್ವಿನ್ ಏಲಿಯವರ ನೃತ್ಯವಾಯಿತು, 1975ರಲ್ಲಿ ನ್ಯೂಯಾರ್ಕ್‌ನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನಲ್ಲಿ ಮೊಳಗಿತು.

ಎಲ್ಲವೂ ಫಲಿಸಿತೆಂದಲ್ಲ. 1977ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಸೆಸಿಲ್ ಟೇಲರ್ ಎಂಬ, ಯಾವ ಚೌಕಟ್ಟಿಗೂ ಒಗ್ಗದ ಕಿರಿಯ ವಾದಕರೊಂದಿಗೆ ಎರಡು ಪಿಯಾನೊಗಳ ಕಛೇರಿ ಮಾಡಿದರು. ಆಕೆ ಜಾಝ್‌ನ ಇತಿಹಾಸವನ್ನು ನುಡಿಸಹೊರಟರೆ, ಟೇಲರ್ ತಮ್ಮ ಜಲಪಾತವನ್ನು ನಿಲ್ಲಿಸಲಿಲ್ಲ. ಧ್ವನಿಮುದ್ರಿಕೆಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆಬೇರೆ ಮಾತಾಡುತ್ತಿರುವಂತೆ ನನಗೆ ಕೇಳಿಸುತ್ತದೆ. ಆದರೂ ಅರವತ್ತೇಳರ ಹತ್ತಿರದಲ್ಲಿ ಅಂಥ ಸಾಹಸಕ್ಕೆ ತಾವಾಗಿ ಕೈಹಾಕಿದ ಹಿರಿಯರು ಬೇರೆ ಯಾರಿದ್ದರು? ಆಕೆ ಎಂದೆಂದಿಗೂ ಸಮಕಾಲೀನರು ಎಂದು ಎಲಿಂಗ್ಟನ್ ಹೇಳಿದ್ದು ಸುಮ್ಮನೆಯಲ್ಲ.

ಅದೇ ವರ್ಷ ಮೇರಿ ಲೂ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದರು. ಆಕೆಯ ತರಗತಿಗಳಲ್ಲಿ ಜಾಗ ಸಾಲುತ್ತಿರಲಿಲ್ಲ. ಜಾಝ್ ಒಂದು ಮರ, ನೋವು ಅದರ ಬೇರು, ಬ್ಲೂಸ್ ಎಂಬ ಕರಿಯರ ದುಃಖದ ಹಾಡು ಅದರ ಕಾಂಡದುದ್ದಕ್ಕೂ ಹರಿಯುವ ರಸ ಎಂದು ಆಕೆ ಚಿತ್ರ ತೋರಿಸಿ ವಿವರಿಸುತ್ತಿದ್ದರು, ವಿದ್ಯಾರ್ಥಿಗಳನ್ನು ಹಾಡಿಸುತ್ತಿದ್ದರು. ಕ್ಯಾನ್ಸರ್ ಕಾಡುತ್ತಿದ್ದ 1980ರಲ್ಲಿ ಮಕ್ಕಳಿಗೆ ಜಾಝ್ ಕಲಿಸಲೆಂದು ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. 1981ರ ಮೇ 28ರಂದು ಈ ಊರಿನಲ್ಲಿಯೇ ತೀರಿಕೊಂಡರು, ಸಮಾಧಿ ಪಿಟ್ಸ್‌ಬರ್ಗ್‌ನಲ್ಲಿದೆ. ಪಿಯಾನೊ ವಾದಕಿ ಜೆರಿ ಆಲನ್ 2006ರಲ್ಲಿ ರಾಶಿಮಾಲೆಯನ್ನು ಮತ್ತೆ ನುಡಿಸಿ ಮುದ್ರಿಸಿದರು, 2023ರಲ್ಲಿ ಪಿಯಾನೊ ವಾದಕ ಏರನ್ ಡೀಲ್ ವಾದ್ಯವೃಂದದೊಂದಿಗೆ ಹೊರತಂದರು. ಟೌನ್ ಹಾಲ್‌ನ ಆ ರಾತ್ರಿ ಅಭ್ಯಾಸ ಸಾಲದೆ ಮಸುಕಾಗಿದ್ದ ಎಷ್ಟೋ ಎಳೆಗಳು ಡೀಲ್ ಅವರ ವಾದನದಲ್ಲಿ ಈಗ ಸ್ಪಷ್ಟವಾಗಿ ಕೇಳುತ್ತವೆ.

ಮೊದಲು 1930ರ 'ನೈಟ್ ಲೈಫ್' ಕೇಳು, ಹತ್ತೊಂಬತ್ತರ ಹುಡುಗಿಯ ಎಡಗೈಗಾಗಿ. ಆಮೇಲೆ 1978ರ ಮಾಂಟ್ರೊ ಉತ್ಸವದ ಏಕವಾದನ. ನಡುವೆ ಅರ್ಧ ಶತಮಾನವಿದೆ, ಆ ಮೂರು ವರ್ಷಗಳೂ ಇವೆ. ಪೇಟಿಯ ವಿಷಯ ನಾನು ಕೇಳುವುದಿಲ್ಲ. ಮಳೆಗಾಲ ಬರುತ್ತಿದೆ, ಅಟ್ಟದಲ್ಲಿ ತೇವ ಹೆಚ್ಚು, ರೀಡುಗಳಿಗೆ ತುಕ್ಕು ಹಿಡಿಯುತ್ತದೆ; ಬಟ್ಟೆಯನ್ನಾದರೂ ಒಮ್ಮೆ ಬದಲಿಸು.

ನಿನ್ನವನೇ ಆದ
ಗೆಳೆಯ